ಚಾಪ್ಲಿನ್ ಎಲ್ಲಾ ನೋಡಿ ಮುಗಿಸಿದ ಮೇಲೆ ನಾನು ಹುಡುಕಿದ್ದು

ಚಾಪ್ಲಿನ್ ಮುಗಿದಿತ್ತು, ಬಸ್ಟರ್ ಕೀಟನ್ ಎರಡೆರಡು ಸಲ ಆಗಿತ್ತು, ಹೆರಾಲ್ಡ್ ಲಾಯ್ಡ್ ಗಡಿಯಾರ ಹಿಡ್ಕೊಂಡು ನೇತಾಡಿದ್ದೂ ಆಯ್ತು. ನಮ್ಮನೇಲಿ ರಾತ್ರಿ ಊಟ ಆದ್ಮೇಲೆ ಅಮ್ಮ ನಾನು ಕೂತು ಒಂದು ಮೂಕಿ ಕಾಮಿಡಿ ನೋಡೋದು ಅಭ್ಯಾಸ, ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಇದಕ್ಕೆ ಬೇಕಾಗೂ ಇಲ್ಲ, ಪುಷ್ಪಕ ವಿಮಾನ ನೋಡಿದ ಜನ ನಾವು, ಮಾತಿಲ್ದೆ ನಗೋದು ಗೊತ್ತು. ಆದ್ರೆ ಸ್ಟಾಕ್ ಖಾಲಿ. ಟಾಪ್ ಟೆನ್ ಲಿಸ್ಟ್‌ಗಳನ್ನ ತೆಗೆದು ನೋಡಿದ್ರೆ ಎಲ್ಲದರಲ್ಲೂ ತಿರುಗಾ ಮುರುಗಾ ಅದೇ ಮೂರು ಹೆಸರು.

ದಾರಿ ಸಿಕ್ಕಿದ್ದು ಟೈಟಲ್ ಕಾರ್ಡಲ್ಲಿ. ಲಾರೆಲ್ ಹಾರ್ಡಿ ಇಬ್ರೂ ಪಿಯಾನೋನ ಮೆಟ್ಟಿಲು ಹತ್ತಿಸೋದು ಇದ್ಯಲ್ಲ, 1932ರ ದಿ ಮ್ಯೂಸಿಕ್ ಬಾಕ್ಸ್ (ಅದು ಟಾಕಿ, ಇರ್ಲಿ ಬಿಡಿ), ಅದರ ಡೈರೆಕ್ಟರ್ ಜೇಮ್ಸ್ ಪ್ಯಾರಟ್. ಯಾರಪ್ಪಾ ಇವ್ನು ಅಂತ ನೋಡಿದ್ರೆ ಇವನಿಗೊಬ್ಬ ಅಣ್ಣ, ಚಾರ್ಲ್ಸ್ ಪ್ಯಾರಟ್, ತೆರೆ ಮೇಲೆ ಚಾರ್ಲಿ ಚೇಸ್. ಅವನದ್ದೇ ಇಪ್ಪತ್ತು ಇಪ್ಪತ್ತೈದು ನಿಮಿಷದ ಎರಡು ರೀಲಿನ ಕಾಮಿಡಿಗಳು ರಾಶಿ ಇವೆ. ಮೊದ್ಲು ಸಿಕ್ಕಿದ್ದು 1926ರ ಮೈಟಿ ಲೈಕ್ ಎ ಮೂಸ್. ಗಂಡನಿಗೆ ಉಬ್ಬು ಹಲ್ಲು, ಹೆಂಡ್ತಿಗೆ ದೊಡ್ಡ ಮೂಗು, ಇಬ್ರೂ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಆಪರೇಷನ್ ಮಾಡಿಸ್ಕೊಂಡು ಹೊರಗೆ ಸಿಗ್ತಾರೆ, ಗುರುತೇ ಸಿಗಲ್ಲ, ಪ್ರೀತಿ ಬೇರೆ ಶುರುವಾಗತ್ತೆ. ಕೊನೇಲಿ ಚೇಸ್ ಗಂಡನೂ ತಾನೇ ಪ್ರಿಯಕರನೂ ತಾನೇ ಆಗಿ ತನ್ನ ಜೊತೆ ತಾನೇ ಹೊಡೆದಾಡ್ತಾನೆ. ಅಮ್ಮ ನಕ್ಕು ನಕ್ಕು ಸೆರಗಲ್ಲಿ ಕಣ್ಣು ಒರೆಸ್ಕೊಂಡ್ಲು. ಚೇಸ್ ನೋಡೋಕೆ ನೀಟಾಗಿ ಸೂಟು ಹಾಕ್ಕೊಂಡಿರೋ ಬ್ಯಾಂಕ್ ಗುಮಾಸ್ತನ ಥರ, ಜೋಲು ಪ್ಯಾಂಟಿಲ್ಲ, ಕೋಲಿಲ್ಲ, ಪೋಸ್ಟರ್ ಮೇಲೆ ಬರೆದ್ರೆ ಗುರುತು ಸಿಗೋ ಮುಖ ಅಲ್ಲ. ಅದಕ್ಕೇ ಜನ ಮರೆತ್ರು ಅಂತ ನನ್ನ ಲೆಕ್ಕಾಚಾರ.

ಅಲ್ಲಿಂದ ನನ್ನ ಕ್ರಮ ಬದಲಾಯ್ತು. ಸಿನಿಮಾ ಹುಡುಕೋದು ಬಿಟ್ಟು ಹೆಸರು ಹಿಡ್ಕೊಂಡು ಹೊರಟೆ. ಇಷ್ಟ ಆದ ಸಿನಿಮಾದ ಡೈರೆಕ್ಟರು, ಪಕ್ಕದ ಪಾತ್ರದವರು, ಎಲ್ಲಾ ಒಂದು ನೋಟ್‌ಬುಕ್ಕಲ್ಲಿ. ಆಮೇಲೆ ಆ ಕಾಲದ ಪತ್ರಿಕೆಗಳು. ಲ್ಯಾಂಟರ್ನ್ ಅಂತ ಒಂದು ಸರ್ಚ್ ಇದೆ, ಹಳೇ ಸಿನಿಮಾ ಪತ್ರಿಕೆಗಳ ಸ್ಕ್ಯಾನ್ ಮಾಡಿದ ಪುಟಗಳಲ್ಲಿ ಪದ ಹುಡುಕಬಹುದು, ಪುಕ್ಕಟೆ. ಅದ್ರಲ್ಲಿ ಎಕ್ಸಿಬಿಟರ್ಸ್ ಹೆರಾಲ್ಡ್ ಪತ್ರಿಕೆಯ ಒಂದು ಅಂಕಣಕ್ಕೆ ನಾನು ಬಿದ್ದುಹೋದೆ, ಸಣ್ಣ ಊರಿನ ಥಿಯೇಟರ್ ಓನರ್‌ಗಳು ಈ ಪಿಕ್ಚರ್ ನಮ್ಮೂರಲ್ಲಿ ಓಡ್ತು, ಇದು ಮಕಾಡೆ ಮಲಗ್ತು ಅಂತ ಬರೆದು ಕಳಿಸ್ತಿದ್ದದ್ದು. ವಿಮರ್ಶಕರಿಗಿಂತ ನಂಗೆ ಇವರ ಮೇಲೇ ನಂಬಿಕೆ, ಟಿಕೆಟ್ ದುಡ್ಡು ಎಣಿಸಿದವರು ನೋಡಿ.

ಆದ್ರೆ ದೊಡ್ಡ ಬೀಗದಕೈ ಸಿಕ್ಕಿದ್ದು ತುಂಬಾ ತಡವಾಗಿ. ಒಬ್ಬನೇ ನಟನಿಗೆ ದೇಶಕ್ಕೊಂದು ಹೆಸರು! ಮನೇಲಿ ಪುಟ್ಟ, ಸ್ಕೂಲ್ ರೆಕಾರ್ಡಲ್ಲಿ ವೆಂಕಟೇಶ ಅಂತಾರಲ್ಲ ಹಾಗೆ. ಕೀಟನ್ ಫ್ರಾನ್ಸಲ್ಲಿ ಮಾಲೆಕ್, ಆ ಕಾಲದ್ದೇ ಇನ್ನೊಬ್ಬ ಕಾಮಿಡಿ ನಟ ಲ್ಯಾರಿ ಸೀಮನ್ ಫ್ರಾನ್ಸಲ್ಲಿ ಜಿಗೋಟೋ, ಇಟಲೀಲಿ ರಿಡೋಲಿನಿ. ಸಿನಿಮಾದ ಟೈಟಲ್ಲೂ ಬೇರೆ. ನಾನು ಎರಡು ತಿಂಗಳು ಇಂಗ್ಲಿಷ್ ಟೈಟಲ್ ಹಾಕಿ ಹುಡುಕಿ ಸಿಗ್ಲಿಲ್ಲ ಅಂತ ಕೈಬಿಟ್ಟಿದ್ದ ಸೀಮನ್ ಸಿನಿಮಾ ರಿಡೋಲಿನಿ ಅಂತ ಹೊಡೆದ ತಕ್ಷಣ ಬಂತು. ಚಾರ್ಲಿ ಬವರ್ಸ್ ಅನ್ನೋ ಅಮೆರಿಕದ ಕಾಮಿಡಿ ನಟನ ಕಥೆಯಂತೂ ಇದೇ. ಅವನ ಹೆಸರೇ ಜನಕ್ಕೆ ಮರೆತುಹೋಗಿತ್ತು, ಫ್ರಾನ್ಸಿನ ಟುಲೂಸ್ ಸಿನಿಮಾತೆಕ್‌ನ (ಹಳೇ ಸಿನಿಮಾ ಕಾಪಾಡಿ ಇಡೋ ಜಾಗ) ರೇಮಂಡ್ ಬೋರ್ಡ್ ಕೈಗೆ ಬಂದ ಹಳೇ ಡಬ್ಬಿಗಳ ಮೇಲೆ ಇದ್ದದ್ದು ಬ್ರಿಕೊಲೊ ಅಂತ, ಆ ಹೆಸರಿನ ಬಾಲ ಹಿಡಿದು ಹೋಗಿ ಬವರ್ಸ್‌ನ ಪತ್ತೆ ಮಾಡಿದ್ರು. ಅವನ ಎಗ್ಡ್ ಆನ್ (1926) ನೋಡಿ ದಯವಿಟ್ಟು. ಒಡೆಯದ ಮೊಟ್ಟೆ ಮಾಡೋ ಮಿಷಿನ್ ಕಂಡುಹಿಡಿಯೋಕೆ ಹೊರಟಿರ್ತಾನೆ, ಮೊಟ್ಟೆಗಳನ್ನ ಕಾರಿನ ಇಂಜಿನ್ ಹತ್ರ ಇಟ್ಟಿರ್ತಾನೆ, ಬಿಸಿಗೆ ಮೊಟ್ಟೆ ಒಡೆದು ಮರಿ ಕಾರುಗಳು ಹುಟ್ಟಿ ಸಾಲಾಗಿ ತಾಯಿ ಕಾರಿನ ಹೊಟ್ಟೆ ಕೆಳಗೆ ಸೇರ್ಕೊಳ್ತವೆ. ಬೊಂಬೆ ಇಟ್ಟು ಒಂದೊಂದೇ ಫ್ರೇಮ್ ತೆಗೆದು ಮಾಡಿರೋದು. ನಾನು ಅದೊಂದು ಸೀನ್ ನಾಲ್ಕು ಸಲ ಹಿಂದೆ ಹಾಕಿ ನೋಡಿದೆ.

ಹೆಂಗಸರನ್ನ ಮರೆತಿದ್ದು ಇನ್ನೂ ಜಾಸ್ತಿ. ಫ್ರಾನ್ಸಲ್ಲಿ 1910ರ ಆಸುಪಾಸು ಲಿಯೊಂಟೀನ್ ಅಂತ ಒಬ್ಬ ತುಂಟ ಹುಡುಗಿ ಪಾತ್ರದ ಸೀರೀಸ್ ಇತ್ತು. ಒಂದ್ರಲ್ಲಿ ಆಟದ ದೋಣಿ ತೇಲಿಸ್ಬೇಕು ಅಂತ ಇಡೀ ಮನೆಗೆ ನೀರು ತುಂಬಿಸಿಬಿಡ್ತಾಳೆ, ಅಮ್ಮ "ಇವ್ಳು ಥೇಟ್ ನಿನ್ನ ಚಿಕ್ಕಮ್ಮನ ಮಗಳೇ ಕಣೋ" ಅಂದ್ಲು. ಇಂಥವು ಎಷ್ಟೋ ನೆದರ್‌ಲ್ಯಾಂಡ್ಸ್‌ನ ಐ ಫಿಲ್ಮ್ ಮ್ಯೂಸಿಯಂನಲ್ಲಿ ಉಳಿದಿವೆ, ಅಲ್ಲಿಂದ ಬಂದ ಕಾಪಿಗಳಲ್ಲಿ ಡಚ್ ಅಕ್ಷರ. ಡಚ್ ನಮಗಿಬ್ರಿಗೂ ಬರಲ್ಲ, ಸರಿಸಮ ಆಯ್ತು.

ಸ್ಪೀಡ್ ವಿಷಯ ಹೇಳ್ಲೇಬೇಕು. ಆಗ ಕ್ಯಾಮೆರಾ ಕೈಲಿ ತಿರುಗಿಸ್ತಿದ್ರು, ಸೆಕೆಂಡಿಗೆ 16, 18, 20 ಫ್ರೇಮ್, ಒಂದೇ ಲೆಕ್ಕ ಇರ್ಲಿಲ್ಲ. ಅದನ್ನ ಆಮೇಲೆ ಟಾಕಿ ಕಾಲದಲ್ಲಿ ಬಂದ 24ರ ಲೆಕ್ಕಕ್ಕೆ ಹಾಕಿದ್ರೆ ಎಲ್ಲರೂ ಇರುವೆ ಥರ ಓಡ್ತಾರೆ, ನಾವು ಚಿಕ್ಕವರಿದ್ದಾಗ ಮೂಕಿ ಸಿನಿಮಾ ಅಂದ್ರೇ ಹಾಗೆ ಅಂದ್ಕೊಂಡಿದ್ವಲ್ಲ. ಕಂಪ್ಯೂಟರಲ್ಲಿ ವಿಡಿಯೋ ನೋಡೋ ವಿಎಲ್‌ಸಿ ಪ್ಲೇಯರ್‌ನಲ್ಲಿ ಸ್ಪೀಡ್ 0.75ಕ್ಕೆ ಇಳಿಸಿದ್ರೆ 18ರಲ್ಲಿ ತೆಗೆದದ್ದು ಸರಿಯಾಗತ್ತೆ. ಆದ್ರೆ ಕಣ್ಮುಚ್ಚಿ ಎಲ್ಲದಕ್ಕೂ ಇದನ್ನೇ ಮಾಡಿ ನಾನು ಕೆಡಿಸಿದ್ದೂ ಇದೆ, ಚೇಸಿಂಗ್ ಸೀನ್ ಬೇಕಂತಲೇ ನಿಧಾನ ಶೂಟ್ ಮಾಡಿ ಜೋರಾಗಿ ಕಾಣಿಸ್ತಿದ್ರು, ಅದನ್ನ ಇಳಿಸಿದ್ರೆ ಜೀವಾನೇ ಹೋಗತ್ತೆ. ಈಗ ಮೊದಲು ಹೀರೋನ ನೋಡಲ್ಲ, ಹಿಂದೆ ರಸ್ತೇಲಿ ಸುಮ್ನೆ ನಡ್ಕೊಂಡು ಹೋಗೋರ ಕಾಲು ನೋಡ್ತೀನಿ, ಅವ್ರು ಮಾಮೂಲಾಗಿ ನಡೆದ್ರೆ ಸರಿ ಇದೆ ಅಂತ. ಇನ್ನು ಕೆಲವರು ಅಪ್‌ಲೋಡ್ ಮಾಡ್ವಾಗ ಯಾವುದೋ ಪಿಯಾನೋ ಅಂಟಿಸಿರ್ತಾರೆ, ಸಾವಿನ ಮನೇಲೂ ಅದೇ ಟಿಣ್ ಟಿಣ್. ಮ್ಯೂಟ್ ಮಾಡಿ.

ನಮ್ಮ ದೇಶದ್ದು ಹುಡುಕಿದ್ರೆ ಹೊಟ್ಟೆ ಉರಿಯತ್ತೆ. ಸಾವಿರಕ್ಕೂ ಹೆಚ್ಚು ಮೂಕಿ ಚಿತ್ರ ತೆಗೆದ್ವಿ, ಉಳಿದಿದ್ದು ತೀರಾ ಕಮ್ಮಿ. 1931ರ ಬಂಗಾಳಿ ಜಮಾಯಿ ಬಾಬು, ಕಲ್ಕತ್ತಾಗೆ ಅತ್ತೆ ಮನೆಗೆ ಬಂದು ದಾರಿ ತಪ್ಪೋ ಹಳ್ಳಿ ಅಳಿಯನ ಕಥೆ, ಅದು ಉಳಿದಿದೆ ಅನ್ನೋದೇ ಪುಣ್ಯ. ಅಮೆರಿಕದಲ್ಲಿ ಕಳೆದುಹೋಗಿದ್ದೇನು ಕಮ್ಮಿ ಇಲ್ಲ, 1912ರಿಂದ 1929ರವರೆಗಿನ ಸುಮಾರು 11,000 ಮೂಕಿ ಫೀಚರ್ (ಪೂರ್ಣಾವಧಿ) ಚಿತ್ರಗಳಲ್ಲಿ ಮೂಲ ರೂಪದಲ್ಲೇ ಪೂರ್ತಿ ಉಳಿದಿರೋದು 14% ಅಂತ 2013ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಲೆಕ್ಕ ಕೊಟ್ಟಿದೆ.

ಆ ಕಳೆದುಹೋದದ್ರಲ್ಲಿ ನಂಗೆ ಜಾಸ್ತಿ ಬೇಜಾರಾಗೋದು ರೇಮಂಡ್ ಗ್ರಿಫಿತ್‌ಗೆ. ರೇಷ್ಮೆ ಟೋಪಿ ಹಾಕ್ಕೊಂಡು ಪ್ರಳಯ ಆದ್ರೂ ಮುಖದಲ್ಲಿ ಗಾಬರಿ ಇಲ್ಲ ಅನ್ನೋ ಠೀವಿ, ನಿಜ ಜೀವನದಲ್ಲಿ ಗಂಟಲು ಹೋಗಿ ಪಿಸುಮಾತಿನಷ್ಟೇ ದನಿ, ಟಾಕಿ ಬಂದ್ಮೇಲೆ ನಟನೆ ಮುಗೀತು. ಅವನ ಪಾತ್ಸ್ ಟು ಪ್ಯಾರಡೈಸ್ (1925) ಮೊನ್ನೆ ಅಮ್ಮನ ಜೊತೆ ಹಾಕಿದೆ. ಅವನೂ ಒಬ್ಳು ಕಳ್ಳಿಯೂ ನೆಕ್ಲೆಸ್ ಕದ್ದು ಕಾರಲ್ಲಿ ಮೆಕ್ಸಿಕೋ ಗಡಿ ಕಡೆ, ಹಿಂದೆ ಪೊಲೀಸ್ ದಂಡು. ಗಡಿ ದಾಟಿದ್ದೇ ಸಿನಿಮಾ ಪಟ್ಟಂತ ನಿಂತುಹೋಯ್ತು. ಕೊನೇ ರೀಲು ಇಲ್ಲ.

"ಆಮೇಲೆ?" ಅಂದ್ಲು ಅಮ್ಮ.

ಇಬ್ರಿಗೂ ಬುದ್ಧಿ ಬಂದು ವಾಪಸ್ ಹೋಗಿ ನೆಕ್ಲೆಸ್ ಕೊಟ್ಟುಬಿಡ್ತಾರಂತೆ, ಆ ರೀಲೇ ಕಳೆದುಹೋಗಿದೆ ಅಂತ ಹೇಳಿದೆ.

"ಕಳೆದುಹೋಗಿದ್ದೇ ಒಳ್ಳೇದಾಯ್ತು ಬಿಡು" ಅಂತ ಎದ್ದು ಹಾಸಿಗೆ ಹಾಸೋಕೆ ಹೋದ್ಲು.