ಹುಣ್ಣು ಮಾಯ್ದರೆ ಸೋಂಕು ಹೋಯಿತೇ?

ಜನನಾಂಗದ ಮೇಲೆ ನೋವಿಲ್ಲದ ಗಟ್ಟಿ ಹುಣ್ಣೊಂದು ಎದ್ದು, ಮೂರರಿಂದ ಆರು ವಾರಗಳಲ್ಲಿ ಔಷಧವಿಲ್ಲದೆ ತಾನಾಗಿಯೇ ಮಾಯ್ದರೆ ಯಾರಿಗಾದರೂ ನಿರಾಳವೆನಿಸುತ್ತದೆ. ಲೈಂಗಿಕ ಸಂಪರ್ಕದಿಂದ ಹರಡುವ, ಹಳಬರು ಪರಂಗಿ ರೋಗ ಎನ್ನುತ್ತಿದ್ದ ಸಿಫಿಲಿಸ್ ಮೋಸಮಾಡುವುದು ಇಲ್ಲಿಯೇ. ಹುಣ್ಣು ಹೋದರೂ ರೋಗಾಣು ದೇಹದಲ್ಲಿ ಉಳಿದು, ಮುಂದೆ ಅಂಗೈ, ಅಂಗಾಲುಗಳಲ್ಲಿ ಸಾಮಾನ್ಯವಾಗಿ ತುರಿಕೆಯಿಲ್ಲದ ದದ್ದಾಗಿ ಕಾಣಿಸಿ, ಅದೂ ಮರೆಯಾಗಿ, ಚಿಕಿತ್ಸೆ ಸಿಗದಿದ್ದರೆ ವರ್ಷಗಳ ನಂತರ ಹೃದಯವನ್ನೂ ನರಮಂಡಲವನ್ನೂ ಕೆಡಿಸಬಹುದು.

ಆದ್ದರಿಂದ ಮೊದಲ ಹೆಜ್ಜೆಯೆಂದರೆ, ಲಕ್ಷಣ ಕಂಡ ದಿನವನ್ನೂ ಸಂಪರ್ಕವಾದ ದಿನವನ್ನೂ ಗುರುತಿಟ್ಟುಕೊಳ್ಳುವುದು. ಇದೇ ರೀತಿ ಹರಡುವ ಬೇರೆ ಸೋಂಕುಗಳೂ ಇವೆ, ಒಂದೊಂದೂ ಕಾಣಿಸಿಕೊಳ್ಳುವ ಅವಧಿ ಬೇರೆ. ಗೊನೊರಿಯಾ ಆಗಿದ್ದರೆ ಗಂಡಸರಲ್ಲಿ ಸಾಮಾನ್ಯವಾಗಿ ವಾರದೊಳಗೆ ಉರಿಮೂತ್ರ, ಕೀವು ಕಾಣಿಸುತ್ತವೆ. ಕ್ಲಮೈಡಿಯಾ ಒಂದರಿಂದ ಮೂರು ವಾರ ತೆಗೆದುಕೊಳ್ಳಬಹುದು. ಗುಂಪಾಗಿ ಏಳುವ ನೋವಿನ ಗುಳ್ಳೆಗಳು ಹರ್ಪಿಸ್‌ನ ಸುಳಿವು. ಹೆಂಗಸರಲ್ಲಿ ಗೊನೊರಿಯಾ, ಕ್ಲಮೈಡಿಯಾ ಸೋಂಕುಗಳು ಬಹಳ ಸಲ ಯಾವ ಲಕ್ಷಣವನ್ನೂ ತೋರದೆ ಗರ್ಭನಾಳಕ್ಕೆ ಹಾನಿ ಮಾಡುತ್ತವೆ. ಹಾಗೆಂದು ಬಿಳಿಸೆರಗೆಲ್ಲವೂ ಗುಪ್ತರೋಗವಲ್ಲ.

ಎರಡನೆಯದಾಗಿ, ಔಷಧಿ ಅಂಗಡಿಯಲ್ಲಿ ಮಾತ್ರೆ ಕೇಳಿ ನುಂಗಬಾರದು. ಬಸ್ ನಿಲ್ದಾಣದ ಗೋಡೆಗೆ ಚೀಟಿ ಅಂಟಿಸುವ ‘ಗುಪ್ತರೋಗ ತಜ್ಞ’ರಿಂದಂತೂ ದೂರವಿರಬೇಕು. ಜಿಲ್ಲಾಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ನಲ್ಲಿ ತಪಾಸಣೆಯೂ ಔಷಧವೂ ಉಚಿತ. ಅಲ್ಲಿ ಲಕ್ಷಣ ನೋಡಿ, ಮೂತ್ರನಾಳದ ಸ್ರಾವಕ್ಕೆ ಬೂದು, ಹರ್ಪಿಸ್‌ಗೆ ಕೆಂಪು ಎಂಬಂತೆ ಬಣ್ಣದ ಕಿಟ್‌ಗಳಲ್ಲಿ ಔಷಧ ಕೊಡುವ ಪದ್ಧತಿಯಿದೆ; ವರದಿಗಾಗಿ ಕಾಯುತ್ತ ಚಿಕಿತ್ಸೆ ತಡವಾಗಬಾರದೆಂಬುದು ಅದರ ಉದ್ದೇಶ.

ಆ ಬಳಿಕ ರಕ್ತಪರೀಕ್ಷೆ. ಸಿಫಿಲಿಸ್ ಮತ್ತು ಎಚ್‌ಐವಿ ಎರಡಕ್ಕೂ ಪರೀಕ್ಷೆ ಮಾಡಿಸಬೇಕು, ಏಕೆಂದರೆ ಹುಣ್ಣಿದ್ದವರಿಗೆ ಎಚ್‌ಐವಿ ಸುಲಭವಾಗಿ ತಗಲುತ್ತದೆ. ಸಂಪರ್ಕವಾದ ಮರುದಿನವೇ ಮಾಡಿಸಿದ ಪರೀಕ್ಷೆಯಲ್ಲಿ ‘ನೆಗೆಟಿವ್’ ಬಂದರೆ ಅದಕ್ಕೆ ಅರ್ಥವಿಲ್ಲ. ಮೂರು ತಿಂಗಳಿಗೆ ಮತ್ತೊಮ್ಮೆ ಮಾಡಿಸಬೇಕು. ಅಪಾಯದ ಸಂಪರ್ಕವಾಗಿದ್ದರೆ 72 ಗಂಟೆಯೊಳಗೆ ವೈದ್ಯರನ್ನು ಕಂಡರೆ ಎಚ್‌ಐವಿ ತಡೆಯುವ ಮಾತ್ರೆಗಳನ್ನು ಆರಂಭಿಸಬಹುದು. ಫಲಿತಾಂಶವನ್ನು ಗೌಪ್ಯವಾಗಿಡಬೇಕೆಂದು 2017ರ ಎಚ್‌ಐವಿ ಕಾಯ್ದೆ ಹೇಳುತ್ತದೆ. ಮುಖಾಮುಖಿ ಮಾತನಾಡಲು ಅಳುಕುವವರು ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಬಹುದು.

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಸಂಗಾತಿಗೆ ಹೇಳುವುದು. ಒಬ್ಬರಿಗಷ್ಟೇ ಚಿಕಿತ್ಸೆಯಾದರೆ ಸೋಂಕು ಮತ್ತೆ ಅದೇ ಮನೆಗೆ ಮರಳುತ್ತದೆ; ಸಂಗಾತಿ ಗರ್ಭಿಣಿಯಾಗಿದ್ದರಂತೂ ಸಿಫಿಲಿಸ್ ಹೊಟ್ಟೆಯೊಳಗಿನ ಮಗುವಿಗೂ ದಾಟುತ್ತದೆ. ಇಬ್ಬರ ಚಿಕಿತ್ಸೆಯೂ ಮುಗಿದು ಕನಿಷ್ಠ ಏಳು ದಿನವಾಗುವವರೆಗೆ, ಹುಣ್ಣಿದ್ದರೆ ಅದು ಪೂರ್ತಿ ಮಾಯುವವರೆಗೆ, ಸಂಪರ್ಕ ಬೇಡ. ಕಾಂಡೋಮ್ ಬಹುಪಾಲು ಕಾಪಾಡುತ್ತದೆಯಾದರೂ, ಅದು ಮುಚ್ಚದ ಚರ್ಮದಿಂದ ಹರ್ಪಿಸ್ ಹಾಗೂ ಎಚ್‌ಪಿವಿ (ಜನನಾಂಗದ ನರಹುಲಿ, ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗುವ ವೈರಸ್) ದಾಟಬಲ್ಲವು. ಎಚ್‌ಪಿವಿಗೆ ಮತ್ತು ಹೆಪಟೈಟಿಸ್ ಬಿ ಸೋಂಕಿಗೆ ಲಸಿಕೆಯಿದೆ.

ಆರಂಭದ ಹಂತದ ಸಿಫಿಲಿಸ್ ಸಾಮಾನ್ಯವಾಗಿ ಬೆಂಜಥೀನ್ ಪೆನಿಸಿಲಿನ್‌ನ ಒಂದೇ ಸರದಿಯ ಚುಚ್ಚುಮದ್ದಿಗೆ ವಾಸಿಯಾಗುತ್ತದೆ. ವಾಸಿಯಾಯಿತೆಂಬುದನ್ನು ಚರ್ಮ ಹೇಳುವುದಿಲ್ಲ, ರಕ್ತ ಹೇಳುತ್ತದೆ: ಆರು ಮತ್ತು ಹನ್ನೆರಡು ತಿಂಗಳಿಗೆ ಸಿಫಿಲಿಸ್‌ನ ರಕ್ತಪರೀಕ್ಷೆಯಾದ ವಿಡಿಆರ್‌ಎಲ್ ಮಾಡಿಸಿದಾಗ, ಅದರ ಅಳತೆ (ರಕ್ತದ ಮಾದರಿಯನ್ನು ಎಷ್ಟು ಪಟ್ಟು ತೆಳುವಾಗಿಸಿದರೂ ಫಲಿತಾಂಶ ‘ಪಾಸಿಟಿವ್’ ಬರುತ್ತದೆ ಎಂಬುದು) ಮೊದಲು 1:32 ಇದ್ದದ್ದು 1:8 ಅಥವಾ ಅದಕ್ಕಿಂತ ಕೆಳಗೆ ಇಳಿದಿರಬೇಕು.