ಎಲೆ ಅಗಲವಾಯ್ತು, ಘಮ ಎಲ್ಲಿ ಹೋಯ್ತು?

ಒಮ್ಮೆ ಕುಂಡದ ಕಾಮಕಸ್ತೂರಿಯನ್ನು ಬಹಳ ಮುದ್ದು ಮಾಡಿ ಬೆಳೆಸಿದ್ದೆ. ವಾರಕ್ಕೊಮ್ಮೆ ಯೂರಿಯಾ, ದಿನಕ್ಕೆರಡು ಸಲ ನೀರು. ಎಲೆಗಳು ಅಗಲವಾಗಿ ಬಂದವು, ಗಿಡ ನೋಡಲು ಚೆಂದ. ಒಂದೆಲೆ ಉಜ್ಜಿ ಮೂಗಿಗೆ ಹಿಡಿದರೆ ಬರೀ ಹಸಿ ಸೊಪ್ಪಿನ ವಾಸನೆ! ಮೂಲೆಯಲ್ಲಿ ನಾನು ಮರೆತೇ ಬಿಟ್ಟಿದ್ದ ಇನ್ನೊಂದು ಗಿಡದ್ದು ಸಣ್ಣ ಎಲೆ, ಆದರೆ ಮುಟ್ಟಿದರೆ ಸಾಕು, ಘಮ್ ಅನ್ನುತ್ತಿತ್ತು.

ಪುದೀನ, ತುಳಸಿ, ದೊಡ್ಡಪತ್ರೆಯಂಥ ಗಿಡಗಳ ಎಲೆಯ ಮೇಲೆ ತೀರಾ ಸಣ್ಣ ಗ್ರಂಥಿಗಳಿರುತ್ತವೆ. ಸುಗಂಧದ ಎಣ್ಣೆ ಇರುವುದು ಅವುಗಳಲ್ಲಿ. ಎಲೆ ಹಿಗ್ಗಿದಂತೆಲ್ಲ ಗ್ರಂಥಿಗಳು ದೂರ ದೂರವಾಗುತ್ತವೆ. ಜೊತೆಗೆ, ಈ ಎಣ್ಣೆ ತಯಾರಾಗುವುದು ಗಿಡ ಬಿಸಿಲಿನಲ್ಲಿ ಮಾಡಿಕೊಂಡ ಸಕ್ಕರೆಯಿಂದ. ಯೂರಿಯಾದಂಥ ಗೊಬ್ಬರದಿಂದ ಸಾರಜನಕ ಜಾಸ್ತಿ ಸಿಕ್ಕರೆ ಗಿಡ ಆ ಸಕ್ಕರೆಯನ್ನು ಹೊಸ ಚಿಗುರಿಗೇ ಖರ್ಚು ಮಾಡಿಬಿಡುತ್ತದೆ.

ಹಾಗಂತ ಗೊಬ್ಬರವೇ ಬೇಡ ಅಂತಲ್ಲ. ಒಂದು ಲೆಕ್ಕ ಹಾಕೋಣ. 100 ಗ್ರಾಂ ಎಲೆಯಲ್ಲಿ ಶೇ 0.5ರಷ್ಟು ಎಣ್ಣೆ ಇದ್ದರೆ ಸಿಗುವುದು ಅರ್ಧ ಗ್ರಾಂ. ಗೊಬ್ಬರ ಹಾಕಿ ಎಲೆ 200 ಗ್ರಾಂ ಆಗಿ, ಎಣ್ಣೆ ಶೇ 0.4ಕ್ಕೆ ಇಳಿದರೂ 0.8 ಗ್ರಾಂ ಸಿಗುತ್ತದೆ. ಎಣ್ಣೆ ಬಟ್ಟಿ ಇಳಿಸುವವರಿಗೆ ಇದು ಲಾಭವೇ. ನಾಲ್ಕೆಲೆ ಕಿತ್ತು ಅಡುಗೆಗೆ ಹಾಕುವವರಿಗೆ ಮಾತ್ರ ಎಲೆ ಎಲೆಯ ಘಮವೇ ಮುಖ್ಯ, ಅಲ್ವಾ? ಕೆಳಗೆ ಹೇಳಿರುವುದು ಅವರಿಗಾಗಿ.

ಮೊದಲು ಮಣ್ಣು. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಾಂಪೋಸ್ಟ್ ಸಾಕು. ರೋಸ್‌ಮೆರಿ, ಥೈಮ್‌ನಂಥ ಒಣನೆಲದ ಸುಗಂಧ ಗಿಡಗಳಿಗೆ ಮರಳು ಇನ್ನಷ್ಟು ಇರಲಿ. ಕುಂಡದ ತಳದ ತೂತು ಮುಚ್ಚಿಹೋಗಿಲ್ಲ ಎಂದು ನೋಡಿಕೊಳ್ಳಿ.

ಆಮೇಲೆ ಗೊಬ್ಬರ. ನೆಟ್ಟ ಮೊದಲ ತಿಂಗಳು ಏನೂ ಬೇಡ, ಕಾಂಪೋಸ್ಟೇ ಸಾಕಾಗುತ್ತದೆ. ನಂತರ ಪ್ರತಿ ಕೊಯ್ಲು ಆದ ಮೇಲೆ ಒಂದು ಹಿಡಿ ಕಾಂಪೋಸ್ಟ್ ಕೊಡಿ. ನೀರಿನಲ್ಲಿ ಕರಗುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ಗೊಬ್ಬರ) ಬಳಸುವುದಾದರೆ ಲೀಟರ್‌ಗೆ 1 ಗ್ರಾಂ, ಅದೂ ಮೂರು ವಾರಕ್ಕೊಮ್ಮೆ. ಯೂರಿಯಾದಲ್ಲಿ ಶೇ 46ರಷ್ಟು ಸಾರಜನಕ ಇರುತ್ತದೆ. ಕುಂಡದಲ್ಲಿ ಸ್ವಲ್ಪ ಕೈ ತಪ್ಪಿದರೂ ಬೇರು ಸುಟ್ಟುಹೋಗುತ್ತದೆ, ಹಾಗಾಗಿ ನಾನಂತೂ ಅದನ್ನು ಬಿಟ್ಟೇಬಿಟ್ಟೆ. ಕೊಯ್ಯುವ ಎರಡು ವಾರ ಮೊದಲು ಯಾವ ಗೊಬ್ಬರವನ್ನೂ ಹಾಕಬೇಡಿ.

ನಿಜವಾದ ಕೈಚಳಕ ಇರುವುದು ನೀರಿನಲ್ಲಿ. ಸ್ವಲ್ಪ ಬಾಯಾರಿದ ಗಿಡದಲ್ಲಿ ಎಲೆ ಸಣ್ಣದಾಗುತ್ತದೆ, ಎಣ್ಣೆ ಒತ್ತೊತ್ತಾಗಿ ಕೂರುತ್ತದೆ. ಆದರೆ ತೀರಾ ಒಣಗಿಸಿದರೆ ಎಲೆಯ ರಂಧ್ರಗಳು ಮುಚ್ಚಿಕೊಂಡು ಸಕ್ಕರೆ ತಯಾರಿಕೆಯೇ ಕುಗ್ಗುತ್ತದೆ. ಆಗ ಎಲೆಯೂ ಇಲ್ಲ, ಎಣ್ಣೆಯೂ ಇಲ್ಲ. ಗಡಿ ಗೊತ್ತಾಗುವುದು ಹೇಗೆ? ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ. ತಂಪು ತಾಗಿದರೆ ಸುಮ್ನೆ ಬಿಡಿ, ಒಣಗಿದ್ದರೆ ತಳದಿಂದ ನೀರು ಹೊರಬರುವಷ್ಟು ಹಾಕಿ. ಮಧ್ಯಾಹ್ನ ತುಸು ಬಾಡಿದ ಎಲೆ ಸಂಜೆಗೆ ಚೇತರಿಸಿಕೊಂಡರೆ ಚಿಂತೆ ಇಲ್ಲ. ಬೆಳಿಗ್ಗೆ ಎದ್ದಾಗಲೂ ಜೋತುಬಿದ್ದಿದ್ದು ಮಣ್ಣೂ ಒಣಗಿದ್ದರೆ ತಡ ಮಾಡಬೇಡಿ. ಮಣ್ಣು ಒದ್ದೆಯಿದ್ದೂ ಜೋತುಬಿದ್ದಿದ್ದರೆ ಬೇರು ಕೊಳೆಯುತ್ತಿರಬಹುದು. ಕೊಯ್ಲಿಗೆ ನಾಲ್ಕೈದು ದಿನ ಇರುವಾಗ ನೀರು ಅರ್ಧ ಮಾಡಿ.

ಪುದೀನಕ್ಕೆ ಈ ಶಿಸ್ತು ಅಷ್ಟಾಗಿ ಹಿಡಿಸದು. ಅದಕ್ಕೆ ತೇವ ಬೇಕು, ಒಣಗಿಸುವ ಆಟ ಆಡಬೇಡಿ.

ದಿನಕ್ಕೆ ಆರು ಗಂಟೆ ಬಿಸಿಲು ಬೀಳಲಿ. ಮೊಗ್ಗು ಕಾಣಿಸಿಕೊಂಡು ಇನ್ನೂ ಹೂ ಅರಳದ ಹೊತ್ತಿನಲ್ಲಿ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ಬುಡದ ಮೂರನೇ ಒಂದು ಭಾಗವನ್ನು ಹಾಗೇ ಬಿಡಿ, ಮತ್ತೆ ಚಿಗುರುತ್ತದೆ.

ನಂಬಿಕೆ ಬಾರದಿದ್ದರೆ ಒಂದೇ ಗಿಡದ ಎರಡು ಕಡ್ಡಿ ನೆಟ್ಟು, ಬೇರು ಹಿಡಿದ ಮೇಲೆ ಒಂದನ್ನು ಮುದ್ದು ಮಾಡಿ, ಇನ್ನೊಂದನ್ನು ಹದವಾಗಿ ಬೆಳೆಸಿ. ಒಂದೂವರೆ ತಿಂಗಳ ಬಳಿಕ ಎಲೆ ಉಜ್ಜಿ ನೋಡಿ. ನಡುವೆ ಕೈ ತೊಳೆದುಕೊಳ್ಳುವುದನ್ನು ಮರೆಯಬೇಡಿ. ಮೊದಲನೆಯದರ ಎಣ್ಣೆ ಬೆರಳಿಗೆ ಅಂಟಿಕೊಂಡಿದ್ದರೆ ಎರಡನೆಯದೂ ಅದೇ ಘಮ ಬೀರುತ್ತದೆ.