ಐದು ದಿನ ಆಫೀಸು, ಭಾನುವಾರ ನಂದಿ ಬೆಟ್ಟ: ಎರಡಕ್ಕೂ ಒಗ್ಗುವ ಗ್ರಾವೆಲ್ ಬೈಕ್ ಆರಿಸುವುದು ಹೇಗೆ?

ಬೆಂಗಳೂರಿನಲ್ಲಿ ಸೈಕಲ್ ತುಳಿಯುವವರಿಗೆ ಎರಡು ದಾರಿ. ವಾರದ ದಿನಗಳಲ್ಲಿ ಲ್ಯಾಪ್‌ಟಾಪ್ ಹೊತ್ತು ಗುಂಡಿ, ಹಂಪು, ಪೈಪಿಗಾಗಿ ಅಗೆದು ಅರೆಬರೆ ಮುಚ್ಚಿದ ರಸ್ತೆ. ಭಾನುವಾರ ಕತ್ತಲಲ್ಲೇ ಎದ್ದರೆ ಸುಮಾರು 60 ಕಿ.ಮೀ. ಆಚೆಯ ನಂದಿ ಬೆಟ್ಟ. ಎರಡಕ್ಕೂ ಒಂದೇ ಸೈಕಲ್ ಸಾಕೇ ಎಂದು ಕೇಳುವವರಿಗೆ ನಾನು ಹೇಳುವುದು ಗ್ರಾವೆಲ್ ಬೈಕ್. ರೋಡ್ ಬೈಕಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್, ಆದರೆ ಜಲ್ಲಿ ರಸ್ತೆಗೂ ಅಂಜದ ಅಗಲವಾದ ಟೈರು.

ಅಂಗಡಿಯಲ್ಲಿ ಮೊದಲು ಹೇಳುವುದು ಸೈಕಲ್ಲಿನ ತೂಕ. ಅದನ್ನು ಕೇಳಿಸಿಕೊಳ್ಳಿ, ಆದರೆ ಅದರ ಮೇಲೆ ತೀರ್ಮಾನ ಮಾಡಬೇಡಿ.

1. ಮನೆಯಲ್ಲೇ ಅಳತೆ ತೆಗೆಯಿರಿ

ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ಪುಸ್ತಕವೊಂದನ್ನು ತೊಡೆಸಂದಿಗೆ ತಾಗುವಂತೆ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿದರೆ ಪೆಡಲಿನ ತೋಳುಗಳು ತಿರುಗುವ ಫ್ರೇಮಿನ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಅಂದಾಜಿಗೆ ಸಿಗುತ್ತದೆ. 80 ಸೆಂ.ಮೀ. ಬಂದರೆ ಸೀಟು ಸುಮಾರು 70.6 ಸೆಂ.ಮೀ. ಎತ್ತರದಲ್ಲಿರಬೇಕು. ಸೈಜು ಹೊಂದದ ಸೈಕಲ್ ಎಷ್ಟೇ ರಿಯಾಯಿತಿಯಲ್ಲಿ ಸಿಕ್ಕರೂ ಬೇಡ. ಕುತ್ತಿಗೆ, ಮಂಡಿ ನೋವಿಗೆ ರಿಯಾಯಿತಿ ಇಲ್ಲ.

2. ಟೈರಿಗೆ ಎಷ್ಟು ಜಾಗವಿದೆ ನೋಡಿ

ನಾನು ಅತಿ ಹೆಚ್ಚು ಹೊತ್ತು ಪರೀಕ್ಷಿಸುವುದು ಇದನ್ನೇ. ಟೈರನ್ನು ನಾಳೆ ಬದಲಿಸಬಹುದು, ಫ್ರೇಮಿನಲ್ಲಿ ಇಲ್ಲದ ಜಾಗವನ್ನು ಯಾರೂ ತಂದುಕೊಡಲಾರರು. ಸೈಕಲ್ಲಿಗೆ ಹಾಕಿರುವ ಟೈರಿನ ಅಗಲವನ್ನಲ್ಲ, ಹಾಕಬಹುದಾದ ಗರಿಷ್ಠ ಅಗಲವನ್ನು ಕೇಳಿ. ಮಡ್‌ಗಾರ್ಡ್ ಹಾಕಿದ ಮೇಲೆ ಎಷ್ಟು ಉಳಿಯುತ್ತದೆ ಎಂದೂ ಕೇಳಿ. ಮಳೆಗಾಲದಲ್ಲಿ ಆಫೀಸಿಗೆ ಹೋಗುವವರಿಗೆ ಎರಡನೆಯ ಪ್ರಶ್ನೆಯೇ ಮುಖ್ಯ.

ಮಡ್‌ಗಾರ್ಡ್ ಸಮೇತ 40 ಮಿ.ಮೀ. ಹಿಡಿದರೆ ನಿಶ್ಚಿಂತೆ. ವಾರವಿಡೀ 38 ಅಥವಾ 40ರ ಟೈರು ಓಡಿಸಿ, ಡಾಂಬರಿನಲ್ಲೇ ಸಾಗುವ ದೂರದ ಸವಾರಿಗೆ 32ರದನ್ನು ಹಾಕಿಕೊಳ್ಳಬಹುದು. ನಡುವೆ ನಯವಾಗಿದ್ದು ಅಂಚಿನಲ್ಲಿ ಮಾತ್ರ ಗುಬುಟು ಇರುವ ಟೈರು ಎರಡೂ ದಾರಿಗೆ ಸೈ. ಗಾಳಿ ಕಲ್ಲಿನಂತೆ ಗಟ್ಟಿಯಾಗಬೇಕಿಲ್ಲ: 70 ಕೆ.ಜಿ. ತೂಗುವವರಿಗೆ, ಟ್ಯೂಬ್ ಇರುವ 40ರ ಟೈರಿನಲ್ಲಿ 40–45 ಪಿಎಸ್‌ಐ ಸಾಕು.

3. ತಿರುಪಿನ ತೂತುಗಳನ್ನು ಎಣಿಸಿ

ಹಿಂಚಕ್ರದ ಅಚ್ಚಿನ ಬಳಿ ಮತ್ತು ಸೀಟಿನ ಕೆಳಗೆ ಕ್ಯಾರಿಯರ್ ಕೂರಿಸುವ ತೂತುಗಳಿವೆಯೇ? ಮಡ್‌ಗಾರ್ಡಿಗೆ ಬೇರೆ ಇವೆಯೇ? ಬೆನ್ನ ಮೇಲಿನ ಭಾರವನ್ನು ಕ್ಯಾರಿಯರಿನ ಚೀಲಕ್ಕೆ ಇಳಿಸಿದ ದಿನ ನನ್ನ ಆಫೀಸಿನ ಅಂಗಿ ಬೆವರಿನಿಂದ ಪಾರಾಯಿತು. ಕೆಲವು ಕಾರ್ಬನ್ ಫ್ರೇಮುಗಳಲ್ಲಿ ಈ ತೂತುಗಳೇ ಇರುವುದಿಲ್ಲ. ಈ ಬಳಕೆಗೆ ಅಲ್ಯೂಮಿನಿಯಂ ಅಥವಾ ಸ್ಟೀಲ್ ಸಾಕು.

4. ಹಲ್ಲುಗಳ ಲೆಕ್ಕ

ನಂದಿ ಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಕೊನೆಯ ಏಳೆಂಟು ಕಿ.ಮೀ. ಏರಿನಲ್ಲಿ ಗೇರಿನ ಬೆಲೆ ಗೊತ್ತಾಗುತ್ತದೆ. ಚೈನು ಕೂರುವ ಹಲ್ಲುಚಕ್ರಗಳಲ್ಲಿ ಮುಂದಿನ, ಅಂದರೆ ಪೆಡಲಿನ ಬಳಿಯ, ಅತಿ ಚಿಕ್ಕದಕ್ಕೆ ಎಷ್ಟು ಹಲ್ಲು, ಹಿಂದಿನ ಅತಿ ದೊಡ್ಡದಕ್ಕೆ ಎಷ್ಟು ಎಂದು ಕೇಳಿ. ಹಿಂದಿನದು ಮುಂದಿನದಕ್ಕೆ ಸಮ ಅಥವಾ ಹೆಚ್ಚಿರಬೇಕು. ಮುಂದೆ 30, ಹಿಂದೆ 34 ಇದ್ದರೆ ಸಾಮಾನು ಹೇರಿಕೊಂಡೂ ಹತ್ತಬಹುದು. ಮುಂದೆ 34, ಹಿಂದೆ 28 ಎಂದರೆ ಮಂಡಿಗೆ ಶಿಕ್ಷೆ.

ಮುಂದೆ ಒಂದೇ ಹಲ್ಲುಚಕ್ರವಿರುವ ಸೈಕಲ್ ಟ್ರಾಫಿಕ್ಕಿನಲ್ಲಿ ಸಲೀಸು, ಗೇರು ಬದಲಿಸುವ ಗೊಂದಲ ಕಡಿಮೆ. ಆದರೆ ಗೇರುಗಳ ನಡುವಿನ ಅಂತರ ದೊಡ್ಡದು. 200 ಕಿ.ಮೀ. ದೂರವನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕಾದ ಬ್ರೆವೆ ಸವಾರಿಯ ಆಸೆಯಿದ್ದರೆ ಮುಂದೆ ಎರಡು ಹಲ್ಲುಚಕ್ರ ಇರುವುದನ್ನೇ ಕೊಳ್ಳಿ. ಒಂದೇ ಲಯದಲ್ಲಿ ಗಂಟೆಗಟ್ಟಲೆ ತುಳಿಯಲು ಅದು ಒದಗುತ್ತದೆ.

5. ಬ್ರೇಕು, ವಾಲ್ವು

ಆಯಿಲ್ ಡಿಸ್ಕ್ ಬ್ರೇಕಿಗೆ ಎರಡು ಬೆರಳು ಸಾಕು, ನಂದಿಯ ಇಳಿಜಾರಿನಲ್ಲಿ ಕೈ ಸೋಲುವುದಿಲ್ಲ. ಕೇಬಲ್ಲಿನದಕ್ಕೆ ಬಲ ಹೆಚ್ಚು ಬೇಕು, ಆದರೆ ಸಣ್ಣ ಊರಿನ ಮೆಕ್ಯಾನಿಕ್ಕೂ ಸರಿಮಾಡಬಲ್ಲ.

ಗ್ರಾವೆಲ್ ಬೈಕುಗಳ ಟ್ಯೂಬಿಗೆ ಹೆಚ್ಚಾಗಿ ಸಣ್ಣಮೂತಿಯ ಪ್ರೆಸ್ಟಾ ವಾಲ್ವು ಇರುತ್ತದೆ. ಮೋಟಾರ್ ಬೈಕು, ಕಾರಿಗೆ ಗಾಳಿ ಹೊಡೆಯುವ ಪಂಕ್ಚರ್ ಅಂಗಡಿಯ ಪೈಪು ಇದಕ್ಕೆ ಕೂರದು. ಒಮ್ಮೆ ರಾತ್ರಿ ಒಂಬತ್ತಕ್ಕೆ ಅಂಥ ಅಂಗಡಿಯ ಮುಂದೆ ಗಾಳಿ ಸಿಗದೆ ನಿಂತು, ನಾಲ್ಕು ಕಿ.ಮೀ. ಸೈಕಲ್ ತಳ್ಳಿದ್ದೇನೆ. ಆ ಪೈಪು ಕೂರುವಂತೆ ಮಾಡುವ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದನ್ನು ಸೈಕಲ್ ಕೊಂಡ ದಿನವೇ ಕೊಂಡು ಚೀಲದಲ್ಲಿಡಿ.

6. ಚೀಲದೊಂದಿಗೆ ಓಡಿಸಿ ನೋಡಿ

ಅಂಗಡಿಯ ಮುಂದೆ ಒಂದು ಸುತ್ತು ಹಾಕಿದರೆ ಏನೂ ತಿಳಿಯದು. ದಿನವೂ ಒಯ್ಯುವ ಚೀಲ ಹೊತ್ತು ಅರ್ಧ ಗಂಟೆ ಓಡಿಸಲು ಕೇಳಿ. ಒಂದು ಹಂಪು ದಾಟಿ, ಒಂದು ಏರು ಹತ್ತಿ, ಹ್ಯಾಂಡಲಿನ ಬಾಗಿದ ಭಾಗ ಹಿಡಿದು ಬ್ರೇಕ್ ಒತ್ತಿ. ನಿಧಾನಕ್ಕೆ ತಿರುಗುವಾಗ ಪಾದದ ತುದಿ ಮುಂಚಕ್ರಕ್ಕೆ ತಾಗುತ್ತದೆಯೇ ಗಮನಿಸಿ. ಅಂಗೈ ಜುಮ್ಮೆಂದರೆ ಹ್ಯಾಂಡಲ್ ದೂರವಿದೆ ಅಥವಾ ತಗ್ಗಿದೆ ಎಂದರ್ಥ: ಹ್ಯಾಂಡಲನ್ನು ಹತ್ತಿರಕ್ಕೆ ತರುವ ಗಿಡ್ಡ ಸ್ಟೆಮ್ ಹಾಕಿಸಿ, ಮತ್ತೊಮ್ಮೆ ಓಡಿಸಿ, ಆಮೇಲೆ ದುಡ್ಡು ಕೊಡಿ.